ತರಿತರಿಯಾಗಿ ನಿಲ್ಲಿಸು

ಚಿ. ಪುಟ್ಟನಿಗೆ,

ನಿನ್ನ ದೊಡ್ಡಮ್ಮನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ಮೈಸೂರಿನಲ್ಲಿ ಆಷಾಢದ ಮಳೆ ಹಿಡಿದಿದೆ. ಹೊರಗಡೆ ಕೆಲಸವಿಲ್ಲ, ಹಾಗಾಗಿ ಕೂತು ಬರೆಯೋಕೆ ಪುರುಸೊತ್ತು ಸಿಕ್ಕಿತು.

ಫುಡ್ ಪ್ರೊಸೆಸರ್ ತಗೊಂಡಿದ್ದೀಯಂತೆ. ಚಟ್ನಿ ನುಣ್ಣಗಾಗುವುದಿಲ್ಲ, ದುಡ್ಡು ದಂಡ ಅಂತ ಗೊಣಗುತ್ತಿದ್ದೀಯಂತೆ. ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಚಟ್ನಿ ಅದರಲ್ಲಿ ನುಣ್ಣಗಾಗುವುದಿಲ್ಲ ಕಣೋ. ಅದು ಇರುವುದೇ ಬೇರೆ ಕೆಲಸಕ್ಕೆ.

ನಮ್ಮ ಮಿಕ್ಸಿ ಹುಟ್ಟಿದ್ದು ರುಬ್ಬೋಕೆ. 1960ರ ದಶಕದಲ್ಲಿ ಸತ್ಯಪ್ರಕಾಶ್ ಮಾಥುರ್ ಅಂತ ಒಬ್ಬ ಎಂಜಿನಿಯರ್ ಇದ್ದರು. ಹೆಂಡತಿಯ ವಿದೇಶಿ ಮಿಕ್ಸಿ ಕೆಟ್ಟುಹೋದಾಗ, ನಮ್ಮ ಬೇಳೆ, ಅಕ್ಕಿ, ಒಣ ಮಸಾಲೆ ಎಲ್ಲ ತಡೆಯುವಂಥ ಗಟ್ಟಿ ಮೋಟರ್ ಇಟ್ಟು ಸುಮೀತ್ ಮಿಕ್ಸಿ ಮಾಡಿದರು. ಫುಡ್ ಪ್ರೊಸೆಸರ್ ಹುಟ್ಟಿದ್ದು ಫ್ರಾನ್ಸಿನಲ್ಲಿ, ಹೆಚ್ಚುಕಡಿಮೆ ಅದೇ ಕಾಲಕ್ಕೆ. ಪಿಯರ್ ವೆರ್ಡಾನ್ ಎನ್ನುವವರು ಹೋಟೆಲ್ ಅಡುಗೆಮನೆಗಳಿಗೆ ಅಂತ ಮಾಡಿದ್ದು. ಹೆಚ್ಚುವುದು, ತುರಿಯುವುದು, ಕಲಸುವುದು, ಇಷ್ಟೇ ಅದರ ಕೆಲಸ. ನಿನ್ನ ಮೆಷಿನ್ನಿನ ಬಟ್ಟಲು ಎಷ್ಟು ಅಗಲ ಇದೆ ನೋಡು. ಬ್ಲೇಡು ತಿರುಗಿದಾಗ ಒಳಗಿದ್ದದ್ದು ಗೋಡೆಗೆ ಹಾರಿ ಅಲ್ಲೇ ಅಂಟಿಕೊಳ್ಳುತ್ತದೆ. ಮಿಕ್ಸಿಯ ಸಣ್ಣ ಜಾರಿನಲ್ಲಾದರೆ ಮತ್ತೆ ಬ್ಲೇಡಿನ ಮೇಲೇ ಬೀಳುತ್ತದೆ. ಅದಕ್ಕೇ ಅಲ್ಲಿ ನುಣ್ಣಗೆ, ಇಲ್ಲಿ ತರಿತರಿ.

ಈಗ ಯೋಚನೆ ಮಾಡು, ನಮ್ಮ ಮನೆಯ ಅಡುಗೆಯಲ್ಲಿ ತರಿತರಿಯಾಗಿಯೇ ಇರಬೇಕಾದದ್ದು ಎಷ್ಟಿದೆ? ಅಂಬೊಡೆ, ನುಚ್ಚಿನುಂಡೆ, ಪಲ್ಯಕ್ಕೆ ಉದುರಿಸುವ ಕಾಯಿ, ಕೋಸಂಬರಿ. ಅಲ್ಲಿಂದ ಶುರು ಮಾಡು.

ಅಂಬೊಡೆ ಮೊದಲು. ಒಂದು ಲೋಟ ಕಡಲೆಬೇಳೆ ಎರಡು ಗಂಟೆ ನೆನೆಯಲಿ. ಆಮೇಲೆ ಜರಡಿಯಲ್ಲಿ ಹಾಕಿ ಹತ್ತು ನಿಮಿಷ ಬಿಡು, ನೀರೆಲ್ಲ ಬಸಿಯಬೇಕು. ಒಂದು ಹಿಡಿ ಬೇಳೆ ಬೇರೆ ತೆಗೆದಿಡು. ಎಸ್ ಆಕಾರದ ಸ್ಟೀಲ್ ಬ್ಲೇಡು ಹಾಕಿ, ಮೊದಲು ಹಸಿಮೆಣಸಿನಕಾಯಿ, ಶುಂಠಿ, ಇಂಗು, ಉಪ್ಪು ಒಂದೆರಡು ಸಲ ತಿರುಗಿಸು. ಆಮೇಲೆ ಬೇಳೆ ಹಾಕು. ಮೆಷಿನ್ ಬಿಟ್ಟು ಪಕ್ಕಕ್ಕೆ ಹೋಗಬೇಡ. ಪಲ್ಸ್ ಗುಂಡಿ ಒತ್ತು, ಬಿಡು, ಒತ್ತು, ಬಿಡು. ಶುರುವಿನಲ್ಲಿ ಬೇಳೆ ಬಟ್ಟಲಿಗೆ ಹೊಡೆದು ಕಟಕಟ ಅನ್ನುತ್ತದೆ. ಸ್ವಲ್ಪ ಹೊತ್ತಿಗೆ ಆ ಸದ್ದು ಮೆತ್ತಗಾಗುತ್ತದೆ. ಆಗ ಮುಚ್ಚಳ ತೆಗೆದು, ಗೋಡೆಗೆ ಅಂಟಿದ್ದನ್ನು ಚಮಚದಲ್ಲಿ ಕೆಳಗೆ ತಳ್ಳಿ, ಒಂದು ಚಿಟಿಕೆ ತೆಗೆದು ಬೆರಳಲ್ಲಿ ಒತ್ತಿ ನೋಡು. ಅಂಟಿಕೊಂಡು ನಿಲ್ಲಬೇಕು, ಆದರೂ ಬೇಳೆಯ ಚೂರು ಕಣ್ಣಿಗೆ ಕಾಣಬೇಕು. ಅಷ್ಟಾದರೆ ಸಾಕು, ಇನ್ನೊಂದು ಸುತ್ತು ಬೇಡ. ಒಂದು ಹನಿ ನೀರೂ ಹಾಕಬೇಡ. ಹಾಕಿದರೆ ಅಂಬೊಡೆ ಎಣ್ಣೆ ಕುಡಿಯುತ್ತದೆ, ಬಾಣಲೆಯಲ್ಲಿ ಬಿಟ್ಟುಕೊಳ್ಳುತ್ತದೆ. ತೆಗೆದಿಟ್ಟ ಬೇಳೆ, ಸಬ್ಬಸಿಗೆ ಸೊಪ್ಪು, ಕರಿಬೇವು, ಸ್ವಲ್ಪ ಕಾಯಿತುರಿ, ಇವೆಲ್ಲ ಕೈಯಲ್ಲೇ ಕಲಸು. ಸೊಪ್ಪನ್ನು ಮೆಷಿನ್ನಿಗೆ ಹಾಕಿದರೆ ಹಸಿರು ನೀರು ಬಿಡುತ್ತದೆ. ಅಂಗೈಯಲ್ಲಿ ತಟ್ಟಿ, ಹದವಾದ ಉರಿಯಲ್ಲಿ ಕರಿ. ಉಳಿದದ್ದನ್ನು ಮಾರನೆಯ ದಿನ ಮಜ್ಜಿಗೆ ಹುಳಿಗೆ ಹಾಕು. ನಿಮ್ಮ ದೊಡ್ಡಪ್ಪ ಅಂಬೊಡೆಗಿಂತ ಅದಕ್ಕೇ ಕಾಯುತ್ತಾರೆ.

ನುಚ್ಚಿನುಂಡೆಗೂ ಇದೇ ಬ್ಲೇಡು, ಇದೇ ಹದ. ತೊಗರಿಬೇಳೆ ಮುಕ್ಕಾಲು ಲೋಟ, ಕಡಲೆಬೇಳೆ ಕಾಲು ಲೋಟ, ನೆನೆಸುವುದು ಎರಡು ಮೂರು ಗಂಟೆ. ಇದಕ್ಕೆ ಸಬ್ಬಸಿಗೆಯನ್ನೂ ಕಾಯಿತುರಿಯನ್ನೂ ಧಾರಾಳವಾಗಿ ಹಾಕು. ಉಂಡೆ ಕಟ್ಟಿ ಇಡ್ಲಿ ಪಾತ್ರೆಯಲ್ಲಿ ಹದಿನೈದು ನಿಮಿಷ ಬೇಯಿಸಿದರೆ ಆಯಿತು. ಎಣ್ಣೆಯಿಲ್ಲದ ತಿಂಡಿ. ಆಫೀಸಿಂದ ಬಂದು ರಾತ್ರಿಗೆ ಏನು ಮಾಡೋದು ಅಂತ ತಲೆ ಕೆರೆದುಕೊಳ್ಳುವ ದಿನ, ಬೆಳಿಗ್ಗೆ ಹೋಗುವಾಗ ಬೇಳೆ ನೆನೆಸಿ ಫ್ರಿಜ್ಜಿನಲ್ಲಿಟ್ಟು ಹೋಗು. ಬಿಸಿಬಿಸಿ ಉಂಡೆ, ಮೇಲೆ ತುಪ್ಪ. ಮಜ್ಜಿಗೆ ಹುಳಿ ಇದ್ದರೆ ಇನ್ನೂ ಒಳ್ಳೆಯದು.

ಕಾಯಿಯ ವಿಷಯ. ತೆಂಗಿನಕಾಯಿಯನ್ನು ರಾತ್ರಿ ಫ್ರೀಜರಿನಲ್ಲಿಟ್ಟು ಬೆಳಿಗ್ಗೆ ಒಡೆ, ಚಿಪ್ಪಿನಿಂದ ಸುಲಭವಾಗಿ ಬಿಡುತ್ತದೆ. ಚೂರು ಮಾಡಿ ಎಸ್ ಬ್ಲೇಡಿನಲ್ಲಿ ಪಲ್ಸ್ ಕೊಟ್ಟರೆ ಎರಡು ಕಾಯಿ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಆಗಿಹೋಗುತ್ತದೆ. ಸಣ್ಣ ಸಣ್ಣ ಡಬ್ಬಿಗೆ ಹಾಕಿ ಫ್ರೀಜರಿಗೆ ಸೇರಿಸು, ವಾರದ ಪಲ್ಯಕ್ಕೂ ಸಾರಿಗೂ ಚಿಂತೆಯಿಲ್ಲ. ತುರಿಮಣೆಯ ತುರಿಯಷ್ಟು ಮೃದು ಇರುವುದಿಲ್ಲ. ಕಾಯಿ ಹೋಳಿಗೆಗೆ, ಕಡುಬಿಗೆ ಇದನ್ನು ನಾನು ಒಪ್ಪುವುದಿಲ್ಲ.

ಚಪಾತಿ ಹಿಟ್ಟಿಗೆ ಬೇರೆ ಬ್ಲೇಡು ಕೊಟ್ಟಿರುತ್ತಾರೆ, ಮೊಂಡಾದದ್ದು. ಎರಡು ಲೋಟ ಗೋಧಿ ಹಿಟ್ಟು, ಉಪ್ಪು, ಒಂದು ಚಮಚ ಎಣ್ಣೆ ಹಾಕಿ ಮೆಷಿನ್ ಶುರು ಮಾಡು. ಮೇಲಿನ ಕೊಳವೆಯಿಂದ ನೀರನ್ನು ಸಣ್ಣ ಧಾರೆಯಾಗಿ ಬಿಡು. ಒಂದು ಲೋಟಕ್ಕಿಂತ ಸ್ವಲ್ಪ ಕಮ್ಮಿ ಹಿಡಿಯಬಹುದು, ಹಿಟ್ಟು ಕೇಳಿದಷ್ಟು. ಒಂದು ನಿಮಿಷದಲ್ಲಿ ಮುದ್ದೆ ಕಟ್ಟಿಕೊಂಡು ಬ್ಲೇಡಿನ ಜೊತೆಗೇ ಸುತ್ತುತ್ತದೆ. ಅಲ್ಲಿಗೆ ನಿಲ್ಲಿಸು. ಎಣ್ಣೆ ಸವರಿ, ಮುಚ್ಚಿ, ಇಪ್ಪತ್ತು ನಿಮಿಷ ಬಿಡು. ಆ ಇಪ್ಪತ್ತು ನಿಮಿಷ ಬಿಡದೆ ಲಟ್ಟಿಸಿ, ಮೆಷಿನ್ ಹಿಟ್ಟು ಗಟ್ಟಿ ಅಂತ ಬೈಯುವವರೇ ಜಾಸ್ತಿ. ಹಿಟ್ಟನ್ನು ಬಟ್ಟಲಿನ ತುಂಬ ಹಾಕಬೇಡ, ಮೋಟರಿಗೆ ಭಾರವಾಗುತ್ತದೆ. ಬಿಸಿಯಾಗಿ ತಾನೇ ನಿಂತುಬಿಟ್ಟರೆ ಹೆದರಬೇಡ. ಹಿಟ್ಟು ಅರ್ಧ ತೆಗೆ, ಆರಲು ಬಿಡು. ಸಾಮಾನ್ಯವಾಗಿ ಕೆಳಗಡೆ ಒಂದು ಕೆಂಪು ಗುಂಡಿ ಇರುತ್ತದೆ, ಆಮೇಲೆ ಅದನ್ನು ಒತ್ತು. ಹೋಳಿಗೆಯ ಕಣಕವನ್ನು ಮಾತ್ರ ಕೈಯಲ್ಲೇ ನಾದಬೇಕು. ರಾಗಿ ಮುದ್ದೆ ಕೇಳಬೇಡ, ನಗು ಬರುತ್ತದೆ.

ತುರಿಯುವ ತಟ್ಟೆ ಹಾಕಿದ ದಿನ ಒಂದು ಕ್ಯಾರೆಟ್ಟಿಗೆ ನಿಲ್ಲಿಸಬೇಡ. ಅರ್ಧ ಕೆಜಿ ತುರಿ. ಒಂದಿಷ್ಟು ಹೆಸರುಬೇಳೆ ಕೋಸಂಬರಿಗೆ, ಒಂದಿಷ್ಟು ಅಕ್ಕಿ ರೊಟ್ಟಿಗೆ, ಉಳಿದದ್ದು ಹಲ್ವಕ್ಕೆ. ಕೋಸಂಬರಿಗೆ ಸೌತೆಕಾಯಿಯನ್ನು ಈ ತಟ್ಟೆಯಲ್ಲಿ ತುರಿದರೆ ನೀರಾಗುತ್ತದೆ, ಅದನ್ನು ಚಾಕುವಿನಲ್ಲೇ ಕೊಚ್ಚು. ಅಕ್ಕಿ ರೊಟ್ಟಿಗಾದರೆ ಆ ನೀರೇ ಬೇಕು! ತುರಿದ ಸೌತೆಕಾಯಿಗೆ ಉಪ್ಪು ಹಾಕಿ ಐದು ನಿಮಿಷ ಬಿಟ್ಟು, ಅಕ್ಕಿ ಹಿಟ್ಟು ಸೇರಿಸಿ ಕಲಸು. ಬೇರೆ ನೀರು ಆಮೇಲೆ ನೋಡಿಕೊಂಡು ಹಾಕು. ರೊಟ್ಟಿಯ ಈರುಳ್ಳಿಯನ್ನು ನಾಲ್ಕು ಹೋಳು ಮಾಡಿ ಎಸ್ ಬ್ಲೇಡಿನಲ್ಲಿ ಮೂರೇ ಪಲ್ಸ್ ಕೊಡು. ಇನ್ನೂ ತಿರುಗಿಸಿದರೆ ಗಂಜಿಯಾಗಿ ಘಾಟು ಹೊಡೆಯುತ್ತದೆ.

ಹೋಳು ಮಾಡುವ ತಟ್ಟೆಯಲ್ಲಿ ಎಲೆಕೋಸು ಪಲ್ಯಕ್ಕೆ ಚೆನ್ನಾಗಿ ಬರುತ್ತದೆ. ಈರುಳ್ಳಿ ಅದಕ್ಕಿಂತ ಚೆನ್ನ. ರೈಲಿನಲ್ಲಿ ಬರುವಾಗ ಮದ್ದೂರು ವಡೆ ತಗೊಳ್ಳದೆ ನೀನು ಮೈಸೂರು ಸೇರಿದ್ದೇ ಇಲ್ಲ, ಮನೆಯಲ್ಲೇ ಮಾಡು. ತೆಳುವಾಗಿ ಹೋಳು ಮಾಡಿದ ಈರುಳ್ಳಿಗೆ ಉಪ್ಪು ಹಾಕಿ ಚೆನ್ನಾಗಿ ಹಿಸುಕು. ಅದರ ಮೇಲೆ ಚಿರೋಟಿ ರವೆ, ಅಕ್ಕಿ ಹಿಟ್ಟು, ಸ್ವಲ್ಪ ಮೈದಾ, ಕಾಯಿಸಿದ ಎಣ್ಣೆ. ನೀರು ಚಿಮುಕಿಸಿದಷ್ಟು ಸಾಕು. ಕೊಳವೆಗೆ ಏನೇ ಹಾಕಿದರೂ ಮೆಷಿನ್ ಜೊತೆ ಕೊಟ್ಟಿರುವ ತಳ್ಳುವ ಕಡ್ಡಿಯಿಂದಲೇ (ಪುಷರ್) ತಳ್ಳು. ಬೆರಳು, ಚಮಚ ಒಳಗೆ ಹೋಗಕೂಡದು.

ಇನ್ನು ಇದಕ್ಕೆ ಆಗದವು. ಹುರುಳಿಕಾಯಿ ಹಾಕಿದರೆ ಅಡ್ಡಡ್ಡ ಬಿದ್ದು ಉದ್ದುದ್ದ ಸೀಳಾಗುತ್ತದೆ. ಬೆಂಡೆಕಾಯಿ ಲೋಳೆ. ಬಾಳೆದಿಂಡಿನ ನಾರು ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಇವಕ್ಕೆಲ್ಲ ಈಳಿಗೆಮಣೆಯೋ ಚಾಕುವೋ ಸಾಕು. ನಾಲ್ಕು ಎಸಳು ಬೆಳ್ಳುಳ್ಳಿಗೆ ಇಷ್ಟು ದೊಡ್ಡ ಬಟ್ಟಲು ತೆಗೆಯಬೇಡ, ಬ್ಲೇಡಿಗೆ ಸಿಗುವುದೇ ಇಲ್ಲ. ಇಡ್ಲಿ ಹಿಟ್ಟಿಗೆ ಗ್ರೈಂಡರ್, ಚಟ್ನಿಗೆ ಮಿಕ್ಸಿ.

ಒಂದು ವಿಷಯ ನಿನ್ನ ಮೆಷಿನ್ ಪುಸ್ತಕದಲ್ಲಿ ಬರೆದಿರಲಿಕ್ಕಿಲ್ಲ. ಹಾಲಿನ ಕೆನೆ ವಾರವೆಲ್ಲ ಕೂಡಿಡು, ಒಂದು ಚಮಚ ಮೊಸರು ಹಾಕಿ ಹೆಪ್ಪು ಮಾಡು, ಫ್ರಿಜ್ಜಿನಲ್ಲಿ ತಣ್ಣಗಾಗಲಿ. ಬಟ್ಟಲಿನ ಅರ್ಧಕ್ಕೆ ಹಾಕಿ ತಿರುಗಿಸು. ಮೊದಲು ನೊರೆಯಾಗಿ ಉಬ್ಬುತ್ತದೆ, ಆಮೇಲೆ ಒಮ್ಮೆಗೇ ಮಜ್ಜಿಗೆ ಬೇರೆ ಬೆಣ್ಣೆ ಬೇರೆ ಆಗುತ್ತದೆ. ಆಗ ಐಸ್ ನೀರು ಹಾಕಿ ಎರಡು ಸುತ್ತು ಕೊಟ್ಟರೆ ಬೆಣ್ಣೆ ಗಟ್ಟಿಯಾಗಿ ಕೈಗೆ ಬರುತ್ತದೆ. ನುಚ್ಚಿನುಂಡೆಗೆ ಮನೆಯ ತುಪ್ಪ ಆಯಿತಲ್ವಾ?

ಕೆಲಸ ಹಚ್ಚುವಾಗ ಕ್ರಮ ಇಟ್ಟುಕೋ. ಮೊದಲು ಕಾಯಿ, ಆಮೇಲೆ ಬೇಳೆ, ಆಮೇಲೆ ಈರುಳ್ಳಿ. ನಡುವೆ ಒರೆಸಿದರೆ ಸಾಕು, ತೊಳೆಯುವುದು ಕೊನೆಗೆ ಒಂದೇ ಸಲ. ಸ್ವಲ್ಪ ನೀರು, ಒಂದು ಹನಿ ಸೋಪು ಹಾಕಿ ತಿರುಗಿಸಿದರೆ ಅರ್ಧ ತೊಳೆದಂತೆ. ಬ್ಲೇಡನ್ನು ನೊರೆಯಿರುವ ಸಿಂಕಿನಲ್ಲಿ ಮುಳುಗಿಸಿಡಬೇಡ, ಕಾಣದೆ ಯಾರಾದರೂ ಕೈ ಕುಯ್ದುಕೊಂಡಾರು. ಕ್ಯಾರೆಟ್ ಬಣ್ಣ ಬಟ್ಟಲಿಗೆ ಹಿಡಿದರೆ ಎಣ್ಣೆ ಹಚ್ಚಿ ಒರೆಸು. ಈ ತೊಳೆಯುವ ಕೆಲಸ ನಿನ್ನದು. ಮೆಷಿನ್ ತಂದುಕೊಟ್ಟೆ, ಮಿಕ್ಕಿದ್ದು ಅವಳು ನೋಡಿಕೊಳ್ಳಲಿ ಅಂದರೆ ನಮ್ಮ ಸೊಸೆಯ ಪರವಾಗಿ ನಾನು ಜಗಳಕ್ಕೆ ಬರುತ್ತೇನೆ. ಮತ್ತೆ, ಅದನ್ನು ಡಬ್ಬದೊಳಗೆ ಹಾಕಿ ಅಟ್ಟಕ್ಕೆ ಏರಿಸಬೇಡ. ಪ್ಲಗ್ಗಿನ ಪಕ್ಕ ಕಟ್ಟೆಯ ಮೇಲೇ ಇರಲಿ, ಬ್ಲೇಡುಗಳು ಕೆಳಗಿನ ಡ್ರಾಯರಿನಲ್ಲಿ. ಅಟ್ಟ ಹತ್ತಿದ್ದು ಇಳಿಯುವುದಿಲ್ಲ.

ಗೌರಿ ಹಬ್ಬಕ್ಕೆ ನಾನೂ ನಿಮ್ಮ ದೊಡ್ಡಪ್ಪನೂ ಬರುತ್ತೇವೆ. ಅರ್ಧ ಕೆಜಿ ಕಡಲೆಬೇಳೆ ತಂದಿಡು, ಸಬ್ಬಸಿಗೆ ಹಿಂದಿನ ದಿನವೇ ಬಿಡಿಸಿ ಬಟ್ಟೆಯಲ್ಲಿ ಸುತ್ತಿಡು. ಅಂಬೊಡೆ ನೀನೇ ಮಾಡಬೇಕು. ಕಡುಬಿನ ಕಾಯಿ ನಾನು ತುರಿಯುತ್ತೇನೆ. ನಿಮ್ಮನೆಯಲ್ಲಿ ತುರಿಮಣೆ ಇಲ್ಲವಂತೆ, ಬರುವಾಗ ನನ್ನದೇ ತರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ