ಬೇಳೆ ಚಿತ್ರ ಬೇಡ, ಬೇಳೆ ಎಷ್ಟಿದೆ ಅಂತ ಹೇಳಿ

ಮಾನ್ಯ ಸಂಪಾದಕರೇ,

ಪ್ಯಾಕೆಟ್‌ನಲ್ಲಿ ಬರೋ ಉಬ್ಬಿದ ಕುರುಕಲು ಪಫ್ ತಿಂಡಿಗಳಿಗೆ ಬೇಳೆ ಹಿಟ್ಟು, ಸೊಪ್ಪಿನ ಪುಡಿ, ನಾರು, ವಿಟಮಿನ್ ಎಲ್ಲಾ ಸೇರಿಸಿ ಪೌಷ್ಟಿಕ ಮಾಡೋ ಬಗ್ಗೆ ನಿಮ್ಮ ಪತ್ರಿಕೇಲಿ ಬಂದ ಲೇಖನ ಓದ್ದೆ. ಉದ್ದೇಶದ ಬಗ್ಗೆ ತಕರಾರಿಲ್ಲ, ಮಕ್ಕಳು ಹೇಗಿದ್ರೂ ತಿಂತಾರೆ, ತಿನ್ನೋದ್ರಲ್ಲಿ ಏನಾದ್ರೂ ಇರ್ಲಿ ಅನ್ನೋದು ಸರಿನೇ. ಆದ್ರೆ ಒಂದು ಹಿಟ್ಟಿಗೆ ಇನ್ನೊಂದು ಹಿಟ್ಟು ಬೆರೆಸಿದ್ರೆ ಕೆಲಸ ಮುಗೀತು ಅನ್ನೋ ಥರ ಬರ್ದಿದ್ರಲ್ಲ, ಈ ತಿಂಡಿನ ಒತ್ತಿ ಬೇಯಿಸಿ ಉಬ್ಬಿಸೋ ಎಕ್ಸ್‌ಟ್ರೂಡರ್ ಮೆಷಿನ್ ಪಕ್ಕ ನಿಂತು ಕೆಲಸ ಮಾಡಿದ ನನಗೆ ಅದು ಒಪ್ಪಿಗೆ ಆಗ್ಲಿಲ್ಲ.

ಮೊದಲು ಈ ತಿಂಡಿ ಹೇಗೆ ಉಬ್ಬುತ್ತೆ ನೋಡಿ. ಮೆಕ್ಕೆಜೋಳದ ಗ್ರಿಟ್ಸ್‌ಗೆ, ಅಂದ್ರೆ ತರಿಗೆ, ಸ್ವಲ್ಪ ನೀರು ಕೊಟ್ಟು, ತೇವಾಂಶ ಶೇ 15ರ ಆಸುಪಾಸಿಗೆ ತಂದು ಮೆಷಿನ್‌ನ ಕೊಳವೆಗೆ, ಅಂದ್ರೆ ಬ್ಯಾರೆಲ್‌ಗೆ ಬಿಡ್ತಾರೆ, ಒಳಗೆ ಸ್ಕ್ರೂ ಅದನ್ನ ಒತ್ತಿ ಉಜ್ಜಿ ಮುಂದಕ್ಕೆ ತಳ್ತಾ ಹೋಗುತ್ತೆ, ಶಾಖ ಸಾಮಾನ್ಯವಾಗಿ 120ರಿಂದ 180 ಡಿಗ್ರಿ ಸೆಲ್ಸಿಯಸ್ ಇರುತ್ತೆ, ಅಷ್ಟು ಬಿಸಿಯಾದ್ರೂ ಒತ್ತಡದಿಂದಾಗಿ ನೀರು ಕುದಿಯೋಕಾಗಲ್ಲ, ತುದೀಲಿರೋ ಅಚ್ಚು, ಅಂದ್ರೆ ಡೈ ತೂತಿನಿಂದ ಹೊರಗೆ ಬಂದ ಕ್ಷಣಕ್ಕೆ ಒತ್ತಡ ಇಳಿದು ನೀರು ಒಟ್ಟಿಗೇ ಆವಿ ಆಗುತ್ತೆ, ಹಿಟ್ಟು ಉಬ್ಬಿ ನಿಲ್ಲುತ್ತೆ. ಅಷ್ಟೂ ಆಗೋದಕ್ಕೆ ಸೆಕೆಂಡುಗಳ ಲೆಕ್ಕ ಸಾಕು. 1930ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಪಶು ಆಹಾರ ಮಾಡೋ ಮೆಷಿನ್‌ನಿಂದ ಹೀಗೇ ಉಬ್ಬಿದ ಮೆಕ್ಕೆಜೋಳ ಹೊರಗೆ ಬಂದಿದ್ದು ಈ ತಿಂಡಿಗಳ ಶುರು, ಅಂದ್ರೆ ಪೌಷ್ಟಿಕತೆ ಯಾರ ತಲೇಲೂ ಇರ್ಲಿಲ್ಲ ಬಿಡಿ.

ಆವಿನ ಹಿಡಿದಿಟ್ಟುಕೊಂಡು ಬಲೂನ್ ಥರ ಹಿಗ್ಗೋ ಕೆಲಸ ಪಿಷ್ಟದ್ದು. ಅದರ ಜಾಗಕ್ಕೆ ಬೇರೆ ಏನೇ ತಂದ್ರೂ ಉಬ್ಬೋದು ಕಮ್ಮಿ ಆಗುತ್ತೆ. ಪ್ರೋಟೀನ್ ಜಾಸ್ತಿ ಆದ್ರೆ ತುಂಡು ಸಣ್ಣದಾಗಿ ಗಟ್ಟಿಯಾಗುತ್ತೆ. ನಾರಿನ ಚೂರುಗಳು ಗುಳ್ಳೆಯ ಗೋಡೆನ ಹರಿದುಬಿಡ್ತವೆ, ಆವಿ ತಪ್ಪಿಸಿಕೊಳ್ಳುತ್ತೆ, ಹಾಗಾಗಿ ತೌಡನ್ನ ಎಷ್ಟು ನುಣ್ಣಗೆ ಅರೆದು ಹಾಕ್ತಾರೋ ಅಷ್ಟು ವಾಸಿ. ಎಣ್ಣೆ ಅಂಶ ಇರೋ ಹಿಟ್ಟಾದ್ರೆ ಇನ್ನೂ ಕಷ್ಟ, ಒಳಗೆಲ್ಲಾ ಜಾರಿಕೊಂಡು ಹೋಗುತ್ತೆ, ಸ್ಕ್ರೂ ಉಜ್ಜೋದಕ್ಕೆ ಸಿಗೋದೇ ಇಲ್ಲ. ಬರೀ ಗ್ರಿಟ್ಸ್ ಓಡುವಾಗ ಡೈ ಮುಂದೆ ಹಳದಿ ತುಂಡುಗಳು ದಪ್ಪಗೆ, ನುಣುಪಾಗಿ ಹಾರಿ ಬೀಳ್ತಾ ಇರ್ತವೆ, ಕಡಲೆ ಹಿಟ್ಟಿನ ಮಿಕ್ಸ್ ಬಂತು ಅಂದ್ರೆ ತುಂಡು ಸಣಕಲಾಗಿ, ಮೈಯೆಲ್ಲಾ ತರಿತರಿಯಾಗಿ, ಬಣ್ಣ ಕಂದಿ ಬೀಳುತ್ತೆ, ಸೆಟ್ಟಿಂಗ್ ಸರಿ ಮಾಡೋವರೆಗೂ ಬಿದ್ದಿದ್ದೆಲ್ಲಾ ಸ್ಕ್ರಾಪ್. ಪ್ರೊಡಕ್ಷನ್‌ನವರಿಗೆ ತಲೆನೋವು, ಸೇಲ್ಸ್‌ನವರಿಗೆ ಅದೇ ತೂಕಕ್ಕೆ ಪ್ಯಾಕೆಟ್ ತುಂಬಿದ ಹಾಗೆ ಕಾಣಲ್ಲ ಅನ್ನೋ ಚಿಂತೆ. ಕೊನೆಗೆ ಏನಾಗುತ್ತೆ ಅಂದ್ರೆ ಉಬ್ಬೋದಕ್ಕೆ ತೊಂದರೆ ಆಗದಷ್ಟು, ಅಂದ್ರೆ ಹೆಸರಿಗೊಂದಿಷ್ಟು ಬೇಳೆ ಹಿಟ್ಟು ಹಾಕಿ, ಪ್ಯಾಕೆಟ್ ಮೇಲೆ ದೊಡ್ಡದಾಗಿ ಬೇಳೆ ಚಿತ್ರ ಹಾಕೋ ಆಸೆ ಹುಟ್ಟುತ್ತೆ. ನನ್ನ ಸಿಟ್ಟು ಇರೋದು ಇಲ್ಲೇ.

ಇನ್ನೊಂದು ವಿಷ್ಯ ಲೇಖನದಲ್ಲಿ ಪೂರ್ತಿ ಬಿಟ್ಟೇ ಹೋಗಿತ್ತು. ಧಾನ್ಯಗಳಲ್ಲಿ ಲೈಸಿನ್ ಅನ್ನೋ ಪ್ರೋಟೀನ್‌ನ ಅಂಶ ಕಮ್ಮಿ, ಬೇಳೆಗಳಲ್ಲಿ ಜಾಸ್ತಿ, ಅದಕ್ಕೇ ಎರಡನ್ನೂ ಸೇರಿಸೋದು. ಆದ್ರೆ ಬ್ಯಾರೆಲ್‌ನ ಬಿಸಿಗೆ ಮೊದಲು ಪೆಟ್ಟು ತಿನ್ನೋದೂ ಆ ಲೈಸಿನ್ನೇ, ಅದ್ರಲ್ಲೂ ನೀರು ಕಮ್ಮಿ ಬಿಸಿ ಜಾಸ್ತಿ ಇದ್ದು ಮಿಕ್ಸ್‌ನಲ್ಲಿ ಗ್ಲೂಕೋಸೋ ಹಾಲಿನ ಪುಡಿಯೋ ಇದ್ರೆ ಅದರ ಸಕ್ಕರೆ ಜೊತೆ ಸೇರಿ ಕಂದು ಬಣ್ಣ ಆಗಿ ದೇಹಕ್ಕೆ ಸಿಗದ ಹಾಗಾಗುತ್ತೆ. ಬೇಳೆ ಹಾಕಿದ್ದು ಯಾವುದಕ್ಕೋ ಅದನ್ನೇ ಸುಟ್ಟುಕೊಂಡ ಹಾಗೆ. ಸಿಹಿ ಬೇಕಿದ್ರೆ ಆಮೇಲೆ ಕೋಟಿಂಗ್‌ನಲ್ಲಿ ಕೊಡ್ಬೇಕು. ವಿಟಮಿನ್ ಸಿ, ಥಯಾಮಿನ್ (ವಿಟಮಿನ್ ಬಿ1) ಕೂಡ ಬಿಸಿ ತಡೆಯಲ್ಲ, ಅವನ್ನೂ ಹೊರಗೆ ಬಂದ್ಮೇಲೆ ಸಿಂಪಡಿಸೋದೇ ಮೇಲು. ಕಬ್ಬಿಣದ ಅಂಶ ಸೇರಿಸಿದ್ರೆ ಎಣ್ಣೆ ಬೇಗ ಕಮಟು ಹಿಡಿಯುತ್ತೆ, ಯಾವ ರೂಪದ ಕಬ್ಬಿಣ ಅನ್ನೋದನ್ನ ನೋಡಿ ಆರಿಸ್ಬೇಕಾಗುತ್ತೆ. ಹಾಗಂತ ಈ ಮೆಷಿನ್ನೇ ಕೆಟ್ಟದು ಅಂತ ನಾನು ಹೇಳ್ತಿಲ್ಲ. ಸೋಯಾದಲ್ಲಿ ಪ್ರೋಟೀನ್ ಜೀರ್ಣ ಆಗದ ಹಾಗೆ ತಡೆಯೋ ಅಂಶ ಇರುತ್ತೆ, ಅದನ್ನ ಇದೇ ಬಿಸಿ ಬಹುಪಾಲು ನಿಷ್ಕ್ರಿಯ ಮಾಡುತ್ತೆ. ವಿಶ್ವ ಆಹಾರ ಕಾರ್ಯಕ್ರಮದವರು ಹಂಚೋ ಮೆಕ್ಕೆಜೋಳ ಸೋಯಾ ಮಿಶ್ರಣನೂ ಎಕ್ಸ್‌ಟ್ರೂಡರ್‌ನಲ್ಲಿ ಬೇಯಿಸಿ ಪುಡಿ ಮಾಡಬಹುದಾದ ಪದಾರ್ಥನೇ, ಗಂಜಿಗೆ ಹೋಗೋದ್ರಿಂದ ಅದು ಹಗುರಾಗಿ ಉಬ್ಬಬೇಕು ಅನ್ನೋ ಹಟ ಇಲ್ಲ, ಧಾರಾಳವಾಗಿ ಸೋಯಾ ಹಾಕ್ಬಹುದು.

ಈಗ ಲೇಬಲ್ ವಿಷ್ಯಕ್ಕೆ ಬರ್ತೀನಿ. ಕೋಡೆಕ್ಸ್ ಅನ್ನೋ ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆಯ ಮಾರ್ಗಸೂಚಿ ಪ್ರಕಾರ 100 ಗ್ರಾಂಗೆ 3 ಗ್ರಾಂ ನಾರು ಇದ್ರೆ ನಾರಿನ ಮೂಲ ಅಂತ ಹೇಳ್ಕೋಬಹುದು, 6 ಗ್ರಾಂ ಇದ್ರೆ ನಾರು ಹೇರಳ ಅನ್ನಬಹುದು. ಪಫ್ ತಿಂಡಿ ಎಷ್ಟು ಹಗುರ ನೋಡಿ, 25 ಗ್ರಾಂ ಅಂದ್ರೇನೇ ಒಂದು ಪ್ಯಾಕೆಟ್ ತುಂಬಾ ಕಾಣುತ್ತೆ. 100ಕ್ಕೆ 3 ಗ್ರಾಂ ಲೆಕ್ಕದಲ್ಲಿ ಅಷ್ಟರಲ್ಲಿ ಸಿಗೋ ನಾರು ಮುಕ್ಕಾಲು ಗ್ರಾಂ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಅಂದ್ರೆ ಶೇ 3ರಷ್ಟು ಸಿಕ್ತು ಅಷ್ಟೇ. ಇದ್ರ ಮೇಲೆ ಡ್ರಮ್‌ನಲ್ಲಿ ತಿರುಗಿಸಿ ಹಚ್ಚೋ ಎಣ್ಣೆ, ಉಪ್ಪು, ಮಸಾಲೆ ಲೆಕ್ಕ ಬೇರೆ ಇದೆ. ಎಣ್ಣೆ ಇಲ್ದೆ ಪುಡಿ ಅಂಟಲ್ಲ, ಹಾಗಾಗಿ ಹುರಿಯದೇ ಮಾಡಿದ್ದು ಅಂತ ಬರ್ದಿರೋ ತಿಂಡಿಲೂ ಕೊಬ್ಬು ಸಾಕಷ್ಟು ಇರಬಹುದು. ಒಳಗಿನ ಹಿಟ್ಟು ಎಷ್ಟೇ ಒಳ್ಳೇದಿರ್ಲಿ, ಮೇಲಿನ ಕೋಟಿಂಗ್ ಹಳೇದೇ ಆದ್ರೆ ಏನ್ ಬಂತು ಭಾಗ್ಯ?

ಅದಕ್ಕೇ ನಾನು ಹೇಳೋದು, ಲೇಖನದಲ್ಲಿ ಹೊಸ ಪದಾರ್ಥಗಳ ಪಟ್ಟಿ ಕೊಡೋ ಬದಲು ತಯಾರಕರಿಗೆ ಎರಡೇ ಪ್ರಶ್ನೆ ಕೇಳಿ, ಚಿತ್ರದಲ್ಲಿರೋ ಬೇಳೆ ಅಥವಾ ಸೊಪ್ಪು ಒಟ್ಟು ತೂಕದಲ್ಲಿ ಶೇಕಡಾ ಎಷ್ಟು, ಕೋಟಿಂಗ್ ಆದ್ಮೇಲೆ ಒಂದು ಪ್ಯಾಕೆಟ್‌ನಲ್ಲಿ ಪ್ರೋಟೀನ್, ನಾರು, ಉಪ್ಪು, ಕೊಬ್ಬು ಎಷ್ಟೆಷ್ಟು. ಪ್ಯಾಕೆಟ್ ಮೇಲೆ ಯಾವ ಪದಾರ್ಥನ ಎತ್ತಿ ತೋರಿಸ್ತಾರೋ ಅದರ ಶೇಕಡಾವಾರು ಬರೀಬೇಕು ಅಂತ ಕೋಡೆಕ್ಸ್‌ನ ಲೇಬಲ್ ಮಾನದಂಡದಲ್ಲೇ ಇದೆ, ನಾನೇನು ಹೊಸದಾಗಿ ಕೇಳ್ತಿಲ್ಲ. ಕೊಳ್ಳೋರೂ ಪ್ಯಾಕೆಟ್ ಹಿಂದೆ ತಿರುಗಿಸಿ ನೋಡ್ಲಿ, ಪದಾರ್ಥಗಳನ್ನ ತೂಕದ ಇಳಿಕೆ ಕ್ರಮದಲ್ಲಿ ಬರೆದಿರ್ತಾರೆ, ಬೇಳೆ ಹಿಟ್ಟು ಉಪ್ಪಿನ ಆಸುಪಾಸು ಇದ್ರೆ ಉತ್ತರ ಅಲ್ಲೇ ಸಿಕ್ತು. ತಿಂಡಿ ಸ್ವಲ್ಪ ಚಿಕ್ಕದಾಗಿ, ಬಣ್ಣ ಕಂದಿ, ಕಚ್ಚಿದ್ರೆ ಸ್ವಲ್ಪ ಗಟ್ಟಿ ಅನ್ನಿಸಿದ್ರೆ ಕ್ವಾಲಿಟಿ ಬಿದ್ದೋಯ್ತು ಅಂತ ವಾಪಸ್ ಇಡ್ಬೇಡಿ, ಒಳಗೆ ನಿಜವಾಗ್ಲೂ ಬೇಳೆ ಇರಬಹುದು.

ಇಂತಿ,
ಎಕ್ಸ್‌ಟ್ರೂಡರ್ ಲೈನ್‌ನಲ್ಲಿ ದುಡಿದ ಒಬ್ಬ ಓದುಗ