ಮೈಸೂರು ಪ್ರವಾಸ: ಶನಿವಾರದ ಕಾಕ್‌ಟೇಲ್ ತರಗತಿ

ಎಲ್ಲರಿಗೂ ನಮಸ್ಕಾರ. ಶನಿವಾರ ಸಂಜೆ 5ಕ್ಕೆ ನಾವು ಇಳಿದುಕೊಳ್ಳುವ ಹೋಟೆಲಿನಲ್ಲೇ ಕಾಕ್‌ಟೇಲ್ (ಮದ್ಯ ಬೆರೆಸಿದ ಪಾನೀಯ) ಮಾಡುವುದನ್ನು ಕಲಿಸುವ ತರಗತಿ ಇದೆ. ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ, ಮಂಡ್ಯದ ಬೆಲ್ಲ ಬೇಕು. ಬೆಳಿಗ್ಗೆ ದೇವರಾಜ ಮಾರುಕಟ್ಟೆಗೆ ಹೋಗಿ ನಾವೇ ಆರಿಸಿ ತರೋಣ. ನನಗಂತೂ ಅದೇ ದೊಡ್ಡ ಆಸೆ.

ಎಳೆಯ ಎಲೆಯೇ ಇರಲಿ. ಮನೆಯಲ್ಲಿ ಮಾಡಿ ನೋಡಿದೆ: ತೊಟ್ಟು, ಹಿಂಬದಿಯ ನಾರು ತೆಗೆದು, ಹರಿದು, ಲೋಟದಲ್ಲಿ ನಾಲ್ಕೇ ಬಾರಿ ಜಜ್ಜಬೇಕು. ಹೆಚ್ಚಾದರೆ ಘಾಟು ಏರಿ ಅದಕ್ಕೆ ಹಾಕುವ ಜಿನ್ ಎಂಬ ಮದ್ಯದ ಪರಿಮಳ ಅಡಗಿಹೋಗುತ್ತದೆ. ಬೆಲ್ಲವನ್ನು ಸಮತೂಕದ ನೀರಿನಲ್ಲಿ ಕರಗಿಸಿ ಸೋಸಿಕೊಂಡರಾಯಿತು; ನಿಂಬೆರಸದ ಜೊತೆ ಅದು ಸಕ್ಕರೆಗಿಂತ ಎಷ್ಟೋ ಮೇಲು. ಮದ್ಯ ಬೇಡದವರಿಗೆ ಅದನ್ನೇ ಸೋಡಾದಲ್ಲಿ ಬೆರೆಸಿಕೊಡುತ್ತಾರೆ.

ಬರುವವರು ಬುಧವಾರದೊಳಗೆ ಹೆಸರು ತಿಳಿಸಿ. ಕುಡಿದವರು ದಯವಿಟ್ಟು ಅಂದು ವಾಹನ ಓಡಿಸಬೇಡಿ.