ಬ್ರೆಡ್ಡು, ಬನ್ನಿನ ದರ ಏರುತ್ತಿದೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ಬರುವ 1ನೇ ತಾರೀಕಿನಿಂದ ನಮ್ಮ ಬೇಕರಿಯ 400 ಗ್ರಾಂ ಬ್ರೆಡ್ಡಿಗೆ ₹45ರ ಬದಲು ₹52 ಆಗುತ್ತದೆ. ಸಾದಾ ಬನ್ನು ₹8 ಇದ್ದದ್ದು ₹10, ಖಾರ ಬನ್ನು ₹15 ಇದ್ದದ್ದು ₹18. ಬೆಣ್ಣೆ ಬಿಸ್ಕತ್ತು, ರಸ್ಕು, ಕೇಕಿನ ದರ ಈಗಿರುವಷ್ಟೇ ಇರುತ್ತದೆ. ಉದ್ರಿ ಪುಸ್ತಕದ ಲೆಕ್ಕವೂ ಸ್ವಲ್ಪ ಬದಲಾಗುತ್ತಿದೆ, ಅದನ್ನು ಕೆಳಗೆ ಬರೆದಿದ್ದೇವೆ.

ಒಂದೇ ಸಲಕ್ಕೆ ₹7 ಏರಿಸಿದರೆ ದಿನಾ ಬ್ರೆಡ್ಡು ಒಯ್ಯುವ ಮನೆಗೆ ತಿಂಗಳಿಗೆ ₹200ರ ಮೇಲೆ ಹೊರೆ ಬೀಳುತ್ತದೆ. ನಮಗೆ ಗೊತ್ತು. ಅದಕ್ಕೆ ಕ್ಷಮೆ ಕೇಳುತ್ತೇವೆ. ಆದರೆ ರಾತ್ರೋರಾತ್ರಿ ಬೋರ್ಡು ಬದಲಿಸಿ ಸುಮ್ಮನೆ ಕೂರುವುದು ಸರಿ ಅನ್ನಿಸಲಿಲ್ಲ. ಅಂಗಡಿ ತೆರೆದ ದಿನದಿಂದ ಬಂದವರು ನೀವು. ನಾವು ಜೈಲಿನಲ್ಲಿ ಶಿಕ್ಷೆ ಮುಗಿಸಿ ಬಂದವರು, ಹಿಟ್ಟು ಕಲಸಲು ಅಲ್ಲೇ ಕಲಿತವರು ಅನ್ನುವುದೆಲ್ಲ ನಿಮಗೆ ಗೊತ್ತಿರುವುದೇ. ಗೊತ್ತಿದ್ದೂ ಬಂದಿರಿ. ಹಾಗಾಗಿ ಲೆಕ್ಕವನ್ನೂ ನಿಮ್ಮ ಮುಂದೆ ಇಡಬೇಕು.

ಮೊದಲು ಎಣ್ಣೆ. ನಾವು ಬಳಸುವ ಮಾರ್ಜರಿನ್ ತಾಳೆ ಎಣ್ಣೆಯದು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಚ್ಚಾ ತಾಳೆ ಎಣ್ಣೆಯ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇ 20ಕ್ಕೆ ಏರಿಸಿತು. 2025ರ ಮೇ ಕೊನೆಯಲ್ಲಿ ಶೇ 10ಕ್ಕೆ ಇಳಿಸಿತು ಕೂಡ. ಆದರೆ ನಮಗೆ ಮಾರ್ಜರಿನ್ ಡಬ್ಬ ಹಳೆಯ ದರಕ್ಕೆ ವಾಪಸ್ ಸಿಗಲೇ ಇಲ್ಲ. ಆಮೇಲೆ ಹಾಲು. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ ₹4 ಏರಿತು. ಅದೇ ದಿನದಿಂದ ಕರೆಂಟು ಬಿಲ್ಲಿನಲ್ಲಿ ಯೂನಿಟ್ಟಿಗೆ 36 ಪೈಸೆ ಸೇರಿಕೊಂಡಿತು. ನಮ್ಮ ಮಿಕ್ಸರು ಬೆಳಗಿನ ಜಾವ ಮೂರಕ್ಕೇ ತಿರುಗಲು ಶುರುವಾಗುತ್ತದೆ. ಪೈಸೆ ಲೆಕ್ಕ ಅಂತ ಬಿಡುವ ಹಾಗಿಲ್ಲ. ಭಟ್ಟಿಗೆ ಬೇಕಾದ 19 ಕೆ.ಜಿ. ಸಿಲಿಂಡರಿನ ದರವನ್ನು ಎಣ್ಣೆ ಕಂಪನಿಗಳು ಪ್ರತಿ ತಿಂಗಳು 1ನೇ ತಾರೀಕು ನೋಡಿ ಬದಲಿಸುತ್ತವೆ. ಒಂದು ತಿಂಗಳು ಇಳಿಯುತ್ತದೆ, ಮುಂದಿನ ತಿಂಗಳು ಏರುತ್ತದೆ. ನಾವು ತಿಂಗಳಿಗೊಂದು ದರ ಹೇಳಿದರೆ ನೀವು ಒಪ್ಪುತ್ತೀರಾ? ಇಷ್ಟು ದಿನ ಅದನ್ನೆಲ್ಲ ನಾವೇ ನುಂಗಿಕೊಂಡೆವು.

"ಜಿಎಸ್‌ಟಿ ಇಳೀತಲ್ಲ, ನೀವ್ಯಾಕೆ ಏರಿಸ್ತೀರಿ?" ಅಂತ ಕೆಲವರು ಕೇಳಿದರು. ನ್ಯಾಯವಾದ ಪ್ರಶ್ನೆ. 2025ರ ಸೆಪ್ಟೆಂಬರ್ 22ರಿಂದ ಕೇಕು, ಬಿಸ್ಕತ್ತಿನ ಮೇಲಿನ ತೆರಿಗೆ ಶೇ 18ರಿಂದ 5ಕ್ಕೆ ಬಂತು. ಅದೇ ದಿನ ನಮ್ಮ ಕೇಕಿನ ದರವನ್ನೂ ಇಳಿಸಿದ್ದೇವೆ, ಹಳೇ ಬಿಲ್ಲು ಇದ್ದರೆ ತಾಳೆ ನೋಡಿ. ಬ್ರೆಡ್ಡಿನ ಮೇಲೆ ಮೊದಲೂ ತೆರಿಗೆ ಇರಲಿಲ್ಲ, ಈಗಲೂ ಇಲ್ಲ. ಇಲ್ಲದ ತೆರಿಗೆ ಇಳಿಯುವುದು ಹೇಗೆ? ಇನ್ನೂ ಒಂದು ವಿಷಯ ಇದೆ. ತೆರಿಗೆ ಇಲ್ಲದ ಮಾಲು ಮಾಡಲು ನಾವು ಕೊಂಡ ಸಾಮಾನಿನ ಮೇಲೆ ಕಟ್ಟಿದ ತೆರಿಗೆ ನಮಗೆ ವಾಪಸ್ ಬರುವುದಿಲ್ಲ. ವಾಣಿಜ್ಯ ಸಿಲಿಂಡರಿನ ಮೇಲೆ ಈಗಲೂ ಶೇ 18 ಇದೆ. ಬ್ರೆಡ್ಡಿಗೆ ಉರಿದ ಗ್ಯಾಸಿನ ಆ ತೆರಿಗೆ ಪೂರ್ತಿ ನಮ್ಮ ತಲೆ ಮೇಲೆಯೇ.

ಇಷ್ಟೇ ಆಗಿದ್ದರೆ ಪತ್ರ ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಕೌಂಟರಿನಲ್ಲಿ ಕೇಳಿದ್ದೇವೆ, ಫೋನಿನಲ್ಲಿ ಕೇಳಿದ್ದೇವೆ. "ಜೈಲಿನಲ್ಲಿ ಮಾಡೋ ಬ್ರೆಡ್ಡು ಅಗ್ಗ ಇರುತ್ತೆ. ನೀವೂ ಅಲ್ಲೇ ಕಲಿತವರು. ಹೊರಗೆ ಕೆಲಸ ಸಿಕ್ಕಿದ್ದೇ ಹೆಚ್ಚು ಅಲ್ವಾ, ಸ್ವಲ್ಪ ಕಡಿಮೆಗೆ ಮಾಡಿದರೆ ಏನಾಯ್ತು?" ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ನಮ್ಮ ಮೇಲೆ ಅಕ್ಕರೆ ಇರುವವರೇ ಹೇಳಿದ್ದಾರೆ. ಆದರೂ ಮನಸ್ಸಿಗೆ ನಾಟುತ್ತದೆ. ಅದಕ್ಕೆ ಸಮಾಧಾನವಾಗಿ ಉತ್ತರ ಹೇಳುತ್ತೇವೆ.

ಜೈಲಿನ ಬೇಕರಿಗೆ ಕಟ್ಟಡದ ಬಾಡಿಗೆ ಇಲ್ಲ, ಅಡ್ವಾನ್ಸ್ ಇಲ್ಲ. ಕೇರಳದ ಜೈಲುಗಳ 'ಫ್ರೀಡಂ' ಚಪಾತಿ ಶುರುವಿನಲ್ಲಿ ಒಂದಕ್ಕೆ ₹2 ಇತ್ತು ಅಂತ ನೀವು ಉದಾಹರಣೆ ಕೊಡುತ್ತೀರಿ. ಅದು ನಿಜ, ಒಳ್ಳೆಯ ಕೆಲಸವೂ ಹೌದು. ಆದರೆ ಆ ದರದ ಹಿಂದೆ ಒಂದು ಸರ್ಕಾರ ಇದೆ. ನಮ್ಮ ಹಿಂದೆ ಇರುವುದು ಬಾಡಿಗೆ ಮಳಿಗೆ. ಅದರ ಅಡ್ವಾನ್ಸೂ ಅಕ್ಕಪಕ್ಕದ ಮಳಿಗೆಗಳಿಗಿಂತ ಜಾಸ್ತಿ, ಯಾಕೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಸರ್ಕಾರ ನಮಗೆ ದುಡ್ಡು ಕೊಟ್ಟಿದೆ ಅಂತಲೂ ಕೆಲವರು ತಿಳಿದಿದ್ದಾರೆ. ನಮಗೆ ಸಿಕ್ಕಿದ್ದು ಮುದ್ರಾ ಯೋಜನೆಯ 'ಶಿಶು' ಸಾಲ. ಅದರ ಮಿತಿ ₹50,000. ಸಾಲ ಅಂದರೆ ಸಾಲವೇ, ಕಂತು ಕಟ್ಟಿದ್ದೇವೆ. ಆ ದುಡ್ಡಿಗೆ ಒಂದು ಒಳ್ಳೆಯ ಭಟ್ಟಿಯೂ ಬರುವುದಿಲ್ಲ.

ಇನ್ನು ಕೂಲಿಯ ಮಾತು. ಒಳಗೆ ಕೂಡ ಈಗ ಬಿಟ್ಟಿ ದುಡಿಮೆ ಇಲ್ಲ. ಕೈದಿಯ ದುಡಿಮೆಗೆ ನ್ಯಾಯವಾದ ಕೂಲಿ ಕೊಡಬೇಕು ಅಂತ ಸುಪ್ರೀಂ ಕೋರ್ಟು 1998ರಲ್ಲೇ ಹೇಳಿತು. ನಮ್ಮ ರಾಜ್ಯದಲ್ಲಿ ಕೆಲವು ವರ್ಷದ ಹಿಂದೆ ಅದನ್ನು ಏರಿಸಿ ದಿನಕ್ಕೆ ₹500ರ ಮೇಲೆ ಮಾಡಿದರು. ಒಳಗಿರುವ ಸಜಾಬಂದಿಗೇ ಅಷ್ಟು ಸಿಗುವಾಗ, ಹೊರಗೆ ಬಂದು ಮನೆ ಬಾಡಿಗೆ ಕಟ್ಟಿ, ಮಕ್ಕಳನ್ನು ಓದಿಸುವವನಿಗೆ ಕಡಿಮೆ ಕೊಡಿ ಅಂದರೆ ಹೇಗೆ?

ನಮ್ಮ ದುಡಿಮೆಗೂ ಬೆಲೆ ಇದೆ ಅಂತ ನಮಗೆ ಕಲಿಸಿದ್ದು ಜೈಲಿನ ಬೇಕರಿ ಅಲ್ಲ. ಅಲ್ಲಿ ಕಲಿತದ್ದು ಹಿಟ್ಟು, ಈಸ್ಟು, ಶಾಖ. ಇದನ್ನು ಕಲಿಸಿದ್ದು ಆರ್‌ಸೆಟಿಯವರು, ಅಂದರೆ ಬ್ಯಾಂಕುಗಳ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯವರು, ಒಳಗೆ ಬಂದು ನಡೆಸಿದ ಸ್ವಉದ್ಯೋಗ ತರಬೇತಿ. ಉಜಿರೆಯಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕಿನ ಜೊತೆ 1982ರಲ್ಲಿ ಶುರು ಮಾಡಿದ ರುಡ್‌ಸೆಟ್ ತರಬೇತಿ ಸಂಸ್ಥೆ ನಿಮಗೆ ಗೊತ್ತಲ್ಲ, ಆಮೇಲೆ ಅದೇ ಮಾದರಿ ದೇಶದ ಜಿಲ್ಲೆ ಜಿಲ್ಲೆಗೂ ಹೋಯಿತು. ಹಳ್ಳಿಯ ಹುಡುಗರಿಗೆ ಹೇಳಿಕೊಡುವ ಪಾಠವನ್ನೇ ನಮಗೂ ಹೇಳಿಕೊಟ್ಟರು. ಒಂದಕ್ಷರ ಕಡಿಮೆ ಮಾಡಲಿಲ್ಲ.

ಮೊದಲ ದಿನ ಪುಸ್ತಕವೇ ತೆಗೆಯಲಿಲ್ಲ. ನೆಲದ ಮೇಲೆ ಒಂದು ಗೂಟ ನಿಲ್ಲಿಸಿ, ಸೀಮೆಸುಣ್ಣದಲ್ಲಿ ಸಾಲಾಗಿ ಗೆರೆ ಎಳೆದರು. ಕೈಗೆ ರಿಂಗು ಕೊಟ್ಟರು. ಎಲ್ಲಿ ಬೇಕಾದರೂ ನಿಂತು ಎಸೆಯಿರಿ, ದೂರ ನಿಂತಷ್ಟೂ ಅಂಕ ಜಾಸ್ತಿ ಅಂದರು. ನಮ್ಮಲ್ಲಿ ಹೆಚ್ಚಿನವರು ನೇರ ಹೋಗಿ ಕಟ್ಟಕಡೆಯ ಗೆರೆಯಲ್ಲಿ ನಿಂತರು. ಒಂದೂ ಬೀಳಲಿಲ್ಲ. ಇನ್ನು ಕೆಲವರು ಗೂಟದ ಪಕ್ಕದಲ್ಲೇ ನಿಂತು ಬಗ್ಗಿ ಹಾಕಿದರು. ಬಿತ್ತು, ಅಂಕ ಮಾತ್ರ ಇಲ್ಲ. ತರಬೇತಿ ಕೊಡುತ್ತಿದ್ದ ಮೇಡಂ ಯಾರನ್ನೂ ಬೈಯಲಿಲ್ಲ. "ಅಲ್ಲೇ ಯಾಕೆ ನಿಂತಿರಿ?" ಅಂತ ಒಬ್ಬೊಬ್ಬರನ್ನೂ ಕೇಳಿದರು. ನಮ್ಮನ್ನು ಆ ಮೊದಲು ಯಾರೂ ಹಾಗೆ ಕೇಳಿರಲಿಲ್ಲ. ಯಾಕೆ ಮಾಡಿದೆ ಅಂತ ಪೊಲೀಸರು ಕೇಳಿದ್ದರು, ಕೋರ್ಟು ಕೇಳಿತ್ತು. ಉತ್ತರವನ್ನು ನಾವೇ ಹುಡುಕಿಕೊಳ್ಳಲಿ ಅಂತ ಕಾದು ಕೂತವರು ಇವರೇ ಮೊದಲು. ಒಂದೇ ಏಟಿಗೆ ದೊಡ್ಡದು ಸಿಗಬೇಕು ಅನ್ನುವ ಆಸೆ ನಮ್ಮ ಬಾಳಿನಲ್ಲಿ ಏನೇನು ಮಾಡಿತ್ತು ಅಂತ ಆ ರಾತ್ರಿ ಬ್ಯಾರಕ್ಕಿನಲ್ಲಿ ಬಹಳ ಹೊತ್ತು ಮಾತಾಡಿದೆವು.

ಇನ್ನೊಂದು ದಿನ ಬನ್ನಿನ ಲೆಕ್ಕ ಹಾಕಲು ಹೇಳಿದರು. ನೂರು ಬನ್ನಿಗೆ ಮೈದಾ ಎಷ್ಟು, ಸಕ್ಕರೆ ಎಷ್ಟು, ಈಸ್ಟು, ಎಣ್ಣೆ, ಗ್ಯಾಸು. ಎಲ್ಲರೂ ಬರೆದೆವು. ನಾವು ಭಟ್ಟಿಯಲ್ಲಿ ವರ್ಷಗಟ್ಟಲೆ ದುಡಿದವರು, ಗ್ರಾಂ ಲೆಕ್ಕ ಬಾಯಲ್ಲೇ ಇತ್ತು. ಮೇಡಂ ಹಾಳೆಗಳನ್ನು ನೋಡುತ್ತಾ ಬಂದರು. "ಇದರಲ್ಲಿ ನಿಮ್ಮ ಕೂಲಿ ಎಲ್ಲಿ?" ಅಂದರು. ಒಬ್ಬರ ಹಾಳೆಯಲ್ಲೂ ಇರಲಿಲ್ಲ. ಈಗ ನಮ್ಮ ಭಟ್ಟಿ ನೋಡಿಕೊಳ್ಳುವ ಮಾಸ್ಟರ್ ಎದ್ದು ನಿಂತು, "ನಂದೇನಿದೆ ಮೇಡಂ, ನಾನು ಇಲ್ಲೇ ಇರ್ತೀನಲ್ಲ" ಅಂದ. ಒಳಗೆ ಹೊತ್ತು ಅಂದರೆ ಕಳೆಯಬೇಕಾದದ್ದು, ಅಷ್ಟೇ. ಅದಕ್ಕೊಂದು ಬೆಲೆ ಇದೆ ಅಂತ ನಮಗೆ ಹೊಳೆದೇ ಇರಲಿಲ್ಲ. ಮೇಡಂ ಅವನ ಹಾಳೆಯ ಕೊನೆಗೆ ಒಂದು ಗೆರೆ ಎಳೆದು 'ನನ್ನ ಕೂಲಿ' ಅಂತ ಬರೆದರು. ಮುಂದಿನದನ್ನು ನೀವೇ ತುಂಬಿ ಅಂದರು. ಅವನು ಬರೆದ, ಅಳಿಸಿದ, ಮತ್ತೆ ಬರೆದ.

ಆ ಸಾಲು ಈಗಲೂ ನಮ್ಮ ಲೆಕ್ಕದ ಪುಸ್ತಕದಲ್ಲಿ ಇದೆ. ಅದನ್ನು ತೆಗೆದರೆ ನಾಳೆಯೇ ಹಳೆಯ ದರಕ್ಕೆ ಬನ್ನು ಕೊಡಬಹುದು. ಆದರೆ ತೆಗೆಯುವುದಿಲ್ಲ.

ನಮ್ಮ ಮೈಸೂರಿನವರಿಗೆ ಜೈಲಿನ ನಾಟಕಗಳ ನೆನಪಿದೆ. ರಂಗ ನಿರ್ದೇಶಕ ಹುಲುಗಪ್ಪ ಕಟ್ಟೀಮನಿಯವರು ಕೈದಿಗಳನ್ನು ರಂಗಕ್ಕೆ ತಂದಾಗ ಜನ ತುಂಬು ಮನಸ್ಸಿನಿಂದ ಚಪ್ಪಾಳೆ ತಟ್ಟಿದರು. ಒಬ್ಬ ಮನುಷ್ಯ ಬದಲಾಗಬಲ್ಲ ಅಂತ ಈ ಊರು ನಂಬುತ್ತದೆ. ಅದೇ ನಂಬಿಕೆಯಿಂದ ಕೇಳುತ್ತಿದ್ದೇವೆ, ನಮ್ಮ ಬನ್ನನ್ನು ಕನಿಕರಕ್ಕೆ ಕೊಳ್ಳಬೇಡಿ. ಬನ್ನು ಚೆನ್ನಾಗಿದೆ, ಅದಕ್ಕೆ ಕೊಳ್ಳಿ. ಚೆನ್ನಾಗಿಲ್ಲದಿದ್ದರೆ ವಾಪಸ್ ತಂದು ಮುಖಕ್ಕೆ ಹೇಳಿ, ದುಡ್ಡು ಹಿಂದಕ್ಕೆ ಕೊಡುತ್ತೇವೆ.

ದರದಲ್ಲಿ ಇನ್ನೂ ಒಂದು ಖರ್ಚು ಸೇರಿದೆ. ಅದನ್ನು ಮುಚ್ಚಿಡುವುದಿಲ್ಲ. ಸನ್ನಡತೆಯ ಮೇಲೆ ಬಿಡುಗಡೆಯಾಗಿ ಬರುವವರಲ್ಲಿ ಒಬ್ಬಿಬ್ಬರನ್ನು ನಾವು ಸೇರಿಸಿಕೊಳ್ಳುತ್ತೇವೆ. ಮೊದಲ ಮೂರು ತಿಂಗಳು ಅವರಿಂದ ಅಂಗಡಿಗೆ ಅಷ್ಟೇನೂ ಕೆಲಸ ಆಗುವುದಿಲ್ಲ, ಕೂಲಿ ಮಾತ್ರ ಪೂರ್ತಿ. ಠಾಣೆಗೆ ಹೋಗಿ ಸಹಿ ಹಾಕುವ ದಿನದ ಕೂಲಿಯನ್ನೂ ಹಿಡಿಯುವುದಿಲ್ಲ. ಈಗ ಬಂದಿರುವ ಹುಡುಗನನ್ನು ನೀವು ನೋಡಿರಬಹುದು. ಮೊದಲ ವಾರ ಉಗ್ರಾಣದ ಬಾಗಿಲು ತೆರೆದೇ ಇದ್ದರೂ ಅದರ ಮುಂದೆ ನಿಂತುಬಿಡುತ್ತಿದ್ದ. ಯಾರಾದರೂ "ಹೋಗಪ್ಪಾ" ಅನ್ನಬೇಕು, ಆಗಲೇ ಒಳಗೆ ಕಾಲಿಡುತ್ತಿದ್ದ. ಅಷ್ಟು ವರ್ಷ ಬಾಗಿಲು ತೆಗೆಯುವುದು, ಹಾಕುವುದು ಬೇರೆಯವರ ಕೆಲಸವಾಗಿತ್ತಲ್ಲ. ಈಗ ಅವನೇ ಬೆಳಿಗ್ಗೆ ಶಟರ್ ಎತ್ತುತ್ತಾನೆ. ಆದರೆ ಗಿರಾಕಿ "ಎಷ್ಟಪ್ಪಾ?" ಅಂದರೆ ಇನ್ನೂ ದನಿ ಸಣ್ಣದಾಗುತ್ತದೆ. ಅವನ ಜೊತೆ ಮಾತ್ರ ದಯವಿಟ್ಟು ಚೌಕಾಸಿ ಮಾಡಬೇಡಿ. ನಮ್ಮಂಥವರಿಗೆ ದರ ಹೇಳಿ ಕೈ ಚಾಚುವುದು ಹಿಟ್ಟು ಕಲಸುವುದಕ್ಕಿಂತ ಕಷ್ಟದ ಕೆಲಸ. ಜಗಳ ಆಡಬೇಕು ಅನ್ನಿಸಿದರೆ ಗಲ್ಲಾಪೆಟ್ಟಿಗೆಯಲ್ಲಿ ಕೂತ ನನ್ನ ಹತ್ತಿರ ಬನ್ನಿ.

ಉದ್ರಿಯ ವಿಷಯ. ಪುಸ್ತಕ ನಿಲ್ಲಿಸುತ್ತಿಲ್ಲ, ಹೆದರಬೇಡಿ. ಇನ್ನು ಮುಂದೆ ಒಂದು ಮನೆಗೆ ₹500ರವರೆಗೆ ಮಾತ್ರ ಬರೆದುಕೊಳ್ಳುತ್ತೇವೆ, ತಿಂಗಳ 10ರೊಳಗೆ ತೀರಿಸಬೇಕು. ಹಳೆಯ ಬಾಕಿ ಇರುವವರು ನಿಧಾನಕ್ಕೆ ಕೊಡಿ, ಬಾಕಿ ಇದೆ ಅಂತ ಮುಜುಗರಪಟ್ಟು ಬೇರೆ ರಸ್ತೆಯಲ್ಲಿ ಓಡಾಡಬೇಡಿ. ಯುಪಿಐ ಎಂದಿನಂತೆ ಇರುತ್ತದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಬಂದಾಗ ಎಷ್ಟೋ ಅಂಗಡಿಗಳು ಸ್ಕ್ಯಾನರ್ ತೆಗೆದು 'ಓನ್ಲಿ ಕ್ಯಾಶ್' ಅಂತ ಬರೆದವು. ಅವರ ಭಯ ನಮಗೆ ಅರ್ಥವಾಗುತ್ತದೆ. ನಾವು ತೆಗೆಯಲಿಲ್ಲ, ಯಾಕೆಂದರೆ ಒಂದೊಂದು ದಿನದ ಲೆಕ್ಕವೂ ನಮ್ಮ ಹತ್ತಿರ ಇತ್ತು. ಲೆಕ್ಕ ಬರೆಯದೆ ಮಲಗಬಾರದು ಅನ್ನುವುದೂ ಆ ತರಬೇತಿಯಲ್ಲೇ ಕಲಿತದ್ದು. ಈ ಒಂದು ವಿಷಯದಲ್ಲಿ ನಮಗೆ ಹೆಮ್ಮೆ ಇದೆ, ಹೇಳಿಕೊಳ್ಳುತ್ತೇವೆ.

ಗುಣದಲ್ಲಿ ಕಡಿಮೆ ಮಾಡುವುದಿಲ್ಲ. ತೂಕ ಕಡಿಮೆ ಮಾಡಿ ದರ ಹಾಗೇ ಇಡಬಹುದು ಅಂತ ಒಬ್ಬರು ಸಲಹೆ ಕೊಟ್ಟಿದ್ದರು. ಬ್ರೆಡ್ಡು 350 ಗ್ರಾಂ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ ಅಂದರು. ನಮಗೆ ಗೊತ್ತಾಗುತ್ತದೆ. 400 ಗ್ರಾಂ ಅಂದರೆ 400 ಗ್ರಾಂ, ತಕ್ಕಡಿ ಕೌಂಟರಿನ ಮೇಲೇ ಇದೆ, ತೂಗಿ ನೋಡಿ. ಮೇಷ್ಟ್ರ ಮನೆಗೆ ಶನಿವಾರ ಎತ್ತಿಡುವ ಸಕ್ಕರೆ ಇಲ್ಲದ ರಸ್ಕು, ಶಾಲೆ ಬಿಟ್ಟು ಬರುವ ಮಕ್ಕಳಿಗೆ ಕತ್ತರಿಸಿಡುವ ಕೇಕಿನ ಅಂಚು, ಇವು ಯಾವುವೂ ನಿಲ್ಲುವುದಿಲ್ಲ. ಮಕ್ಕಳಿಗೆ ಕೊಡುವುದಕ್ಕೆ ಯಾವತ್ತೂ ದುಡ್ಡು ತೆಗೆದುಕೊಂಡಿಲ್ಲ, ಮುಂದೆಯೂ ಇಲ್ಲ.

ಕೊನೆಗೆ ಆರ್ಡರಿನ ವಿಷಯ. ಮದುವೆ, ನಾಮಕರಣ, ಶಾಲೆಯ ಕಾರ್ಯಕ್ರಮ ಅಂತ ಮುಂಗಡ ಕೊಟ್ಟು ಬನ್ನು ಬರೆಸಿರುವವರಿಗೆಲ್ಲ ಹಳೆಯ ದರವೇ. ದಿನಾಂಕ 1ರ ನಂತರ ಇದ್ದರೂ ಅಷ್ಟೇ. ಚೀಟಿ ಕಳೆದಿದ್ದರೆ ಚಿಂತೆ ಬೇಡ, ಹೆಸರು ಹೇಳಿ, ನಮ್ಮ ಪುಸ್ತಕದಲ್ಲಿ ಇರುತ್ತದೆ. ಭಾನುವಾರದ ದೊಡ್ಡ ಆರ್ಡರುಗಳನ್ನು ಮಾತ್ರ ಶುಕ್ರವಾರ ಸಂಜೆಯೊಳಗೆ ತಿಳಿಸಿಬಿಡಿ.

ಇಂತಿ ನಿಮ್ಮವರು,
ಬೇಕರಿಯ ಪಾಲುದಾರರು ಮತ್ತು ಕೆಲಸಗಾರರೆಲ್ಲರ ಪರವಾಗಿ,
ಲೆಕ್ಕ ಬರೆಯುವವನು
ಮೈಸೂರು